ಬೋರ್‌ವೆಲ್ ಫ್ಲೋರೈಡ್ ಅಧ್ಯಯನ ಮುಗಿದಿದೆ, ಫಲಿತಾಂಶವನ್ನು ಊರಿನವರ ಕೈಗೆ ಮುಟ್ಟಿಸುವುದು ಹೇಗೆ?

ಕಪ್ಪುಹಲಗೆ (ಪ್ರಶ್ನೆ)

ನಮಸ್ಕಾರ. ನಮ್ಮ ವಿಭಾಗದ ಎಂ.ಎಸ್ಸಿ. ವಿದ್ಯಾರ್ಥಿಗಳು ಬಯಲುಸೀಮೆಯ ಒಂದು ತಾಲ್ಲೂಕಿನ 12 ಹಳ್ಳಿಗಳಲ್ಲಿ 64 ನೀರಿನ ಮೂಲಗಳ ಫ್ಲೋರೈಡ್ ಅಳೆದಿದ್ದಾರೆ. ಹೆಚ್ಚಿನವು ಪಂಚಾಯಿತಿ ಬೋರ್‌ವೆಲ್‌ಗಳು, ಕೆಲವು ಕೈಪಂಪು, ಒಂದಷ್ಟು ರೈತರ ತೋಟದ ಬೋರು. ಲೀಟರಿಗೆ 0.4 ಮಿಲಿಗ್ರಾಂನಿಂದ 3.1 ಮಿಲಿಗ್ರಾಂವರೆಗೆ ಬಂದಿದೆ. ಪ್ರಬಂಧ ಇಂಗ್ಲಿಷಿನಲ್ಲಿ ಸಿದ್ಧವಿದೆ, ಇನ್ನೂ ಎಲ್ಲಿಗೂ ಕಳುಹಿಸಿಲ್ಲ.

ಮಾದರಿ ತೆಗೆಯಲು ಹೋದ ಪ್ರತಿ ಊರಲ್ಲೂ ಜನ ಕೇಳಿದ್ದು ಒಂದೇ ಮಾತು: “ರಿಸಲ್ಟ್ ನಮಗೂ ಹೇಳ್ತೀರಾ?” ಹೇಳುತ್ತೇವೆ ಎಂದು ಮಾತು ಕೊಟ್ಟಿದ್ದೇವೆ. ಪಂಚಾಯಿತಿಗೆ ಒಂದು ಪತ್ರ ಬರೆದು ಕೈತೊಳೆದುಕೊಳ್ಳುವ ಮನಸ್ಸಿಲ್ಲ. ಯಾರಿಗೆ, ಯಾವ ರೂಪದಲ್ಲಿ ಕೊಡಬೇಕು? ಪ್ರಬಂಧ ಅಚ್ಚಾಗುವ ಮೊದಲೇ ಕೊಟ್ಟರೆ ನಿಯತಕಾಲಿಕೆಯವರು ತಕರಾರು ಮಾಡುತ್ತಾರೆಯೇ? ಕೆಟ್ಟ ಸುದ್ದಿ ಹೇಳಿ ಬಂದರೆ ಸಾಲದು, ಪರಿಹಾರವನ್ನೂ ಹೇಳಬೇಕು. ಏನನ್ನು ಹೇಳಬಹುದು? ಬಲ್ಲವರು ವಿವರವಾಗಿ ತಿಳಿಸಿ.

ಜಲರಸಾಯನ

ಸರ್, ಕೊಡುವ ಮೊದಲು ಅಂಕಿಗಳು ಗಟ್ಟಿಯಿವೆಯೇ ನೋಡಿಕೊಳ್ಳಿ. ಪ್ರಬಂಧದಲ್ಲಿ ಒಂದು ಅಂಕಿ ತಪ್ಪಿದರೆ ಸರಾಸರಿಯೊಳಗೆ ಮುಚ್ಚಿಹೋಗುತ್ತದೆ. ಊರಿನಲ್ಲಿ ಒಂದು ಅಂಕಿ ಎಂದರೆ ಒಂದು ನಲ್ಲಿ, ಆ ನಲ್ಲಿಯ ನೀರು ಹಿಡಿಯುವ ಒಂದು ಇಡೀ ಬೀದಿ.

ಅಳೆದದ್ದು ಸ್ಪಾಡ್ನ್ಸ್ ವಿಧಾನದಲ್ಲಾದರೆ (ಫ್ಲೋರೈಡ್ ಹೆಚ್ಚಿದಷ್ಟೂ ಬಣ್ಣ ಮಾಸುವ ವಿಧಾನ), 1.4 ಮಿ.ಗ್ರಾಂಗಿಂತ ಮೇಲೆ ಬಂದ ಮಾದರಿಗಳನ್ನೆಲ್ಲ ಭಟ್ಟಿ ಇಳಿಸಿದ ನೀರಿನಿಂದ ತೆಳುಮಾಡಿ ಮತ್ತೆ ಓದಿರಬೇಕು. ಅದಕ್ಕಿಂತ ಮೇಲೆ ಬಣ್ಣಕ್ಕೂ ಫ್ಲೋರೈಡಿಗೂ ಇರುವ ಲೆಕ್ಕದ ಗೆರೆ ನೇರವಾಗಿ ಉಳಿಯುವುದಿಲ್ಲ, ನಿಮ್ಮ 3.1ನ್ನು ಹಾಗೇ ಓದಿದ್ದರೆ ನಂಬುವಂತಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದ ಟ್ಯಾಂಕಿನ ನೀರಾದರೆ ಉಳಿದ ಕ್ಲೋರಿನ್ ಬಣ್ಣವನ್ನು ತಾನೇ ತಿಂದುಹಾಕಿ ಇಲ್ಲದ ಫ್ಲೋರೈಡ್ ತೋರಿಸುತ್ತದೆ, ಸೋಡಿಯಂ ಆರ್ಸೆನೈಟ್ ಹನಿ ಹಾಕಿ ಅದನ್ನು ಕಳೆಯಬೇಕು. ಅಲ್ಯೂಮಿನಿಯಂ ಇದ್ದರೆ ಉಲ್ಟಾ, ಫ್ಲೋರೈಡನ್ನು ಹಿಡಿದಿಟ್ಟುಕೊಂಡು ಕಡಿಮೆ ತೋರಿಸುತ್ತದೆ.

ಎಲೆಕ್ಟ್ರೋಡ್ ಬಳಸಿದ್ದರೆ ಕೆಲಸ ಸಲೀಸು. ಮಾದರಿಗೂ ಸ್ಟ್ಯಾಂಡರ್ಡ್ ದ್ರಾವಣಕ್ಕೂ ಟಿಸ್ಯಾಬ್ ಅನ್ನು (ಎರಡರ ಆಮ್ಲೀಯತೆ, ಲವಣದ ಮಟ್ಟವನ್ನು ಒಂದೇ ಆಗಿಸುವ ದ್ರಾವಣ) ಸಮಪ್ರಮಾಣದಲ್ಲಿ ಬೆರೆಸಿರಬೇಕು, ಎರಡೂ ಒಂದೇ ಉಷ್ಣಾಂಶದಲ್ಲಿರಬೇಕು. 1 ಮತ್ತು 10 ಮಿ.ಗ್ರಾಂ ದ್ರಾವಣಗಳ ನಡುವಿನ ಅಂತರ 54ರಿಂದ 60 ಮಿಲಿವೋಲ್ಟ್ ಒಳಗೆ ಇರಬೇಕು. 50ಕ್ಕೆ ಇಳಿದಿದ್ದರೆ ಎಲೆಕ್ಟ್ರೋಡ್ ತುದಿ ಕೊಳೆಯಾಗಿರಬಹುದು, ಆ ದಿನದ ಅಂಕಿಗಳನ್ನು ಬದಿಗಿಡಿ.

ಇನ್ನು ಹೊಲದ ಕಡೆಯ ತಪ್ಪುಗಳು. ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕೇ ಆಗಬೇಕು. ಮೋಟಾರು ಹಾಕಿ ಐದು ನಿಮಿಷವಾದರೂ ನೀರು ಬಿಟ್ಟ ಮೇಲೆ ಹಿಡಿಯಬೇಕು, ಇಲ್ಲವಾದರೆ ಪೈಪಿನಲ್ಲಿ ನಿಂತ ನೀರನ್ನೇ ಅಳೆದಂತಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಎಡವುವುದು ಮೂಲ ಗುರುತಿಸುವಲ್ಲಿ. ಬೀದಿ ನಲ್ಲಿಯಲ್ಲಿ ಹಿಡಿದ ನೀರು ಎರಡು ಬೋರುಗಳ ಮಿಶ್ರಣವಾಗಿರಬಹುದು, ಬೆಳಗ್ಗೆ ಒಂದು, ಸಂಜೆ ಇನ್ನೊಂದು ಬೋರಿನದೂ ಆಗಿರಬಹುದು. ಯಾವ ಬೋರು ಯಾವ ಟ್ಯಾಂಕಿಗೆ, ಯಾವ ಟ್ಯಾಂಕು ಯಾವ ಬೀದಿಗೆ ಎನ್ನುವುದನ್ನು ನೀರುಗಂಟಿಯ ಬಳಿ ಕೂತು ಒಂದು ಹಾಳೆಯಲ್ಲಿ ಚಿತ್ರ ಬರೆಸಿಕೊಳ್ಳಿ. ಆ ಹಾಳೆ ಇಲ್ಲದೆ ನಿಮ್ಮ 64 ಅಂಕಿಗಳಿಂದ ಊರಿಗೆ ಏನೂ ಉಪಯೋಗವಿಲ್ಲ.

ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ ಮಿತಿ 1.0, ಬೇರೆ ಮೂಲವೇ ಇಲ್ಲದಿದ್ದರೆ 1.5. ಹಾಗಾಗಿ 0.8ರಿಂದ 1.7ರ ನಡುವೆ ಬಂದ ಮೂಲಗಳಿಗೆ ಮತ್ತೊಮ್ಮೆ ಹೋಗಿ ಹೊಸ ನೀರು ತಂದು ಅಳೆಯಿರಿ. ಜನರ ಬದುಕಿನಲ್ಲಿ ತೀರ್ಮಾನ ಬದಲಾಗುವುದು ಅಲ್ಲಿಯೇ, 3.1 ಇದ್ದದ್ದು 2.8 ಆದರೂ ಕುಡಿಯಬಾರದು ಎನ್ನುವುದು ಬದಲಾಗುವುದಿಲ್ಲ. ಐದಾರು ಮಾದರಿಗಳನ್ನು ಜಿಲ್ಲಾ ಪ್ರಯೋಗಾಲಯಕ್ಕೂ ಕೊಟ್ಟು ತಾಳೆ ನೋಡಿ. ಮುಂದೆ “ಕಾಲೇಜಿನವರದ್ದು ಸರಿಯಿಲ್ಲ” ಎಂಬ ಮಾತು ಬಂದಾಗ ಕೈಹಿಡಿಯುವುದು ಈ ತಾಳೆಯೇ.

ಹುಣಸೆಮರ

ಯಾರಿಗೆ ಕೊಡಬೇಕು ಎನ್ನುವುದಕ್ಕೆ ಉತ್ತರಿಸುತ್ತೇನೆ. ಬಹುತೇಕ ಅಧ್ಯಯನಗಳು ಊರಿಗೆ ಮುಟ್ಟದೆ ಹೋಗುವುದು ಈ ಹಂತದಲ್ಲಿ.

ಮೊದಲು ನೀರುಗಂಟಿ ಮತ್ತು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಗೇಟ್‌ವಾಲ್ವ್ ತಿರುಗಿಸುವವರು ನೀರುಗಂಟಿ, ಕಡತ ನಡೆಸುವವರು ಪಿಡಿಒ. ಇವರಿಬ್ಬರಿಗೆ ತಿಳಿಸದೆ ನೇರವಾಗಿ ಸಭೆಯಲ್ಲಿ ಹೇಳಿದರೆ, ಅವರ ಮೇಲೆ ದೂರು ಹೇಳಿದಂತಾಗುತ್ತದೆ. ಆಮೇಲೆ ಅವರಿಂದ ಏನೂ ಆಗುವುದಿಲ್ಲ. ಸಭೆಗೆ ಒಂದು ವಾರ ಮೊದಲೇ ಅವರ ಜತೆ ಕೂತು ಪಟ್ಟಿ ತೋರಿಸಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ.

ನಂತರ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ. ಜಲಜೀವನ್ ಮಿಷನ್ (2019) ನಿಯಮದಲ್ಲಿ ಈ ಸಮಿತಿಯಲ್ಲಿ ಅರ್ಧ ಮಹಿಳೆಯರಿರಬೇಕು, ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ನೀರು ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡಬೇಕು. ಆ ಐವರು ಯಾರು ಎಂದು ಹುಡುಕಿ, ನೀವು ಹೋದ ಮೇಲೆ ಅಳೆಯುವವರು ಅವರೇ. ಕಿಟ್‌ನಲ್ಲಿ ಬಣ್ಣವನ್ನು ಕಣ್ಣಳತೆಯಲ್ಲಿ ಹೋಲಿಸುವುದರಿಂದ 1.2ಕ್ಕೂ 1.6ಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟ. ನಿಮ್ಮ ಎಲೆಕ್ಟ್ರೋಡಿನಲ್ಲಿ ಅಳೆದ ಮೂರು ನೀರುಗಳನ್ನು (ಕಡಿಮೆ, ನಡು, ಹೆಚ್ಚು) ಮುಚ್ಚಿದ ಬಾಟಲಿಗಳಲ್ಲಿ ಅವರಿಗೆ ಕೊಡಿ, ಕಣ್ಣು ಪಳಗುತ್ತದೆ.

ಇದಾದ ಮೇಲೆ ವಾರ್ಡ್ ಸಭೆ, ಗ್ರಾಮಸಭೆ. ಗ್ರಾಮಸಭೆಯಲ್ಲಿ ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರೆ ಮಾತ್ರ ಉಳಿಯುತ್ತದೆ. “ಫ್ಲೋರೈಡ್ ಬಗ್ಗೆ ಮಾಹಿತಿ ನೀಡಲಾಯಿತು” ಎಂದು ಬರೆದರೆ ಪ್ರಯೋಜನವಿಲ್ಲ. “ಇಂಥ ಬೋರಿನ ನೀರನ್ನು ಕುಡಿಯುವ ನೀರಿನ ಟ್ಯಾಂಕಿಗೆ ಬಿಡಬಾರದು” ಎಂದು ಬೋರಿನ ಹೆಸರು ಹೇಳಿ ಬರೆಸಿ. ಅದರ ನಕಲನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ತಾಲ್ಲೂಕು ಎಂಜಿನಿಯರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಚೀಟಿ ಹೇಗಿರಬೇಕು ಎಂದರೆ, ಒಂದು ಮೂಲಕ್ಕೆ ಒಂದೇ ಚೀಟಿ, ಇಷ್ಟು:

ಮೂಲ: ಹುಣಸೆಮರದ ಬೋರು
ನೀರು ಹಿಡಿದ ದಿನ: (ತಾರೀಕು)
ಫ್ಲೋರೈಡ್: ಲೀಟರಿಗೆ 2.4 ಮಿಲಿಗ್ರಾಂ. ಇರಬೇಕಾದದ್ದು 1ರ ಒಳಗೆ
ಕುಡಿಯಲು, ಅಡುಗೆಗೆ: ಬೇಡ
ಸ್ನಾನ, ಬಟ್ಟೆ, ನೆಲ ಒರೆಸಲು: ಆಗಬಹುದು
ಕುದಿಸಿದರೆ, ಬಟ್ಟೆಯಲ್ಲಿ ಸೋಸಿದರೆ ಫ್ಲೋರೈಡ್ ಹೋಗುವುದಿಲ್ಲ
ಹತ್ತಿರ ಕಡಿಮೆ ಇರುವ ನೀರು: ಶಾಲೆ ಬೋರು, 0.6
ಮತ್ತೆ ಅಳೆಯುವುದು: ನವೆಂಬರ್

ನಿಮ್ಮ ಪ್ರಬಂಧದಲ್ಲಿ ಬರುವ ಎಸ್-14ರಂಥ ಮಾದರಿ ಸಂಖ್ಯೆ ಯಾವ ಬೋರಿನದೆಂದು ಊರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗುಡಿ ಬೋರು, ಕೆರೆ ಬೋರು, ಹುಣಸೆಮರದ ಬೋರು ಎಂದು ಕರೆಯುವ ಹೆಸರನ್ನೇ ಬರೆಯಿರಿ.

ಒಂದು ಪದವನ್ನು ಮಾತ್ರ ಎಲ್ಲೂ ಬಳಸಬೇಡಿ: “ಸುರಕ್ಷಿತ”. ನೀವು ಅಳೆದದ್ದು ಫ್ಲೋರೈಡ್ ಒಂದೇ. ಶಾಲೆ ಬೋರಿನಲ್ಲಿ ಫ್ಲೋರೈಡ್ 0.6 ಇದ್ದು, ಪಕ್ಕದಲ್ಲೇ ಶೌಚಗುಂಡಿ ಇದ್ದರೆ ನೈಟ್ರೇಟ್ 45 ಮಿ.ಗ್ರಾಂ ಮಿತಿ ದಾಟಿರಬಹುದು, ರೋಗಾಣು ಇರಬಹುದು. ಊರಿನವರನ್ನು ಒಂದು ನೀರಿನಿಂದ ಇನ್ನೊಂದಕ್ಕೆ ಕಳುಹಿಸುವ ಮೊದಲು ಆ ಇನ್ನೊಂದರ ನೈಟ್ರೇಟ್, ರೋಗಾಣು ಪರೀಕ್ಷೆಯನ್ನು ಮಾಡಿಸಲೇಬೇಕು. ಇದನ್ನು ಬಿಟ್ಟರೆ ನಿಮ್ಮ ಮಾತು ಕೇಳಿದವರಿಗೇ ವಾಂತಿಭೇದಿ ಹತ್ತಬಹುದು.

ಪ್ರಕಟಣೆಯ ಬಗ್ಗೆ: ನೀರು ಕೊಟ್ಟ ಊರಿಗೆ ಅದರ ಫಲಿತಾಂಶ ತಿಳಿಸುವುದನ್ನು ನಿಯತಕಾಲಿಕೆಗಳು ಸಾಮಾನ್ಯವಾಗಿ ಪೂರ್ವಪ್ರಕಟಣೆ ಎಂದು ಎಣಿಸುವುದಿಲ್ಲ. ಅನುಮಾನವಿದ್ದರೆ ಸಂಪಾದಕರಿಗೆ ಒಂದು ಸಾಲು ಬರೆದು ಕೇಳಿ. ಆದರೆ ಅವರ ಉತ್ತರಕ್ಕಾಗಿ ಚೀಟಿ ಹಂಚುವುದನ್ನು ನಿಲ್ಲಿಸಬೇಡಿ, ಅಷ್ಟು ದಿನವೂ ಮಕ್ಕಳು ಆ ನೀರನ್ನೇ ಕುಡಿಯುತ್ತಿರುತ್ತಾರೆ.

ಕಪ್ಪುಹಲಗೆ

ಇಬ್ಬರಿಗೂ ಧನ್ಯವಾದ. ಎಲೆಕ್ಟ್ರೋಡಿನಲ್ಲೇ ಅಳೆದಿದ್ದೇವೆ, ಟಿಸ್ಯಾಬ್ ಸರಿಯಾಗಿದೆ. ಟ್ಯಾಂಕು–ಬೀದಿ ಚಿತ್ರ ಮಾತ್ರ ಇಲ್ಲ, ಮಾಡಿಸುತ್ತೇವೆ. ಈ ಊರುಗಳಲ್ಲಿ ಶುದ್ಧ ನೀರಿನ ಘಟಕಗಳಿವೆ, 20 ಲೀಟರ್ ಕ್ಯಾನಿನಲ್ಲಿ ಹಿಡಿದು ತರುತ್ತಾರೆ. ಆದರೂ ಜನ ಫ್ಲೋರೈಡ್ ತೊಂದರೆ ಹೇಳುತ್ತಾರೆ, ಯಾಕಿರಬಹುದು? ಘಟಕ ಕೆಟ್ಟುನಿಂತ ಊರಲ್ಲಿ ಏನು ಹೇಳಬೇಕು?

ರಾಗಿಹಿಟ್ಟು

ಕ್ಯಾನ್ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಳ್ಳುತ್ತಾರೆ, ಅಡುಗೆಗೆ ಬೋರಿನ ನೀರೇ. ಕಾರಣ ಅಲ್ಲಿದೆ. ಮುದ್ದೆಗೆ ಇಟ್ಟ ಎಸರು ಪೂರ್ತಿ ಹಿಟ್ಟಿನೊಳಗೆ ಇಳಿಯುತ್ತದೆ, ಒಂದು ಹನಿಯೂ ಬಸಿಯುವುದಿಲ್ಲ. ಸಾರು ಕುದಿಸಿ ಇಂಗಿಸಿದಷ್ಟೂ ಫ್ಲೋರೈಡ್ ಗಟ್ಟಿಯಾಗುತ್ತದೆ: ಲೀಟರಿಗೆ 2 ಮಿ.ಗ್ರಾಂ ಇರುವ ಎರಡು ಲೀಟರ್ ನೀರು ಕುದಿದು ಒಂದು ಲೀಟರಿಗೆ ಇಳಿದರೆ ಅದರಲ್ಲಿ ಲೀಟರಿಗೆ 4 ಮಿ.ಗ್ರಾಂ. ಟೀಗೆ ಇದು ಇನ್ನೂ ಹೆಚ್ಚು, ಏಕೆಂದರೆ ಟೀ ಸೊಪ್ಪಿನಲ್ಲೇ ಫ್ಲೋರೈಡ್ ಇದೆ.

ಸಭೆಯಲ್ಲಿ ಅಡುಗೆಯ ಮಾತು ಎತ್ತಬೇಕೆಂದರೆ ಸಭೆಯಲ್ಲಿ ಅಡುಗೆ ಮಾಡುವವರಿರಬೇಕು. ಗ್ರಾಮಸಭೆಗೆ ಬರುವವರು ಹೆಚ್ಚಾಗಿ ಗಂಡಸರು. ಸ್ತ್ರೀಶಕ್ತಿ ಸಂಘಗಳ ವಾರದ ಸಭೆಗೆ ಬೇರೆಯಾಗಿ ಹೋಗಿ. ಶಾಲೆಯ ಬಿಸಿಯೂಟ ಮತ್ತು ಅಂಗನವಾಡಿಗೆ ಯಾವ ನೀರು ಬಳಸುತ್ತಾರೆ ಎಂದು ಎಲ್ಲಕ್ಕಿಂತ ಮೊದಲು ನೋಡಿ. ಕಾಯಂ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವುದು ಎಂಟು ವರ್ಷದೊಳಗೆ, ಆ ಹೊತ್ತಿನಲ್ಲಿ ಸೇರಿದ ಫ್ಲೋರೈಡಿನ ಕಲೆ ಆಮೇಲೆ ಹೋಗುವುದಿಲ್ಲ. ಎರಡು ಕ್ಯಾನ್ ಹೆಚ್ಚಿಗೆ ಸಿಗುವಂತಿದ್ದರೆ ಅವು ಅಂಗನವಾಡಿಗೆ ಹೋಗಲಿ.

ಗೇಟ್‌ವಾಲ್ವ್

ಘಟಕ ಕೆಟ್ಟ ಊರಿಗೆ ಹೊಸ ಯಂತ್ರ ಬರುವವರೆಗೆ ಕೈಯಲ್ಲಿರುವ ಉಪಾಯ ಎಂದರೆ ಎರಡು ಬೋರಿನ ನೀರನ್ನು ಅಳತೆಯಿಂದ ಬೆರೆಸುವುದು. ಹುಣಸೆಮರದ ಬೋರು 2.4, ಶಾಲೆ ಬೋರು 0.6 ಎಂದುಕೊಳ್ಳಿ. ಒಂದು ಪಾಲು ಹುಣಸೆಮರದ್ದಕ್ಕೆ ನಾಲ್ಕು ಪಾಲು ಶಾಲೆಯದ್ದು ಬೆರೆಸಿದರೆ 0.96, ಮಿತಿಯೊಳಗೆ ಬಂತು.

ನೀರುಗಂಟಿಗೆ ಪಾಲಿನ ಲೆಕ್ಕ ಹೇಳಿದರೆ ಸಾಲದು, ಗಂಟೆಯ ಲೆಕ್ಕ ಹೇಳಬೇಕು. 20 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ಎರಡೂ ಕಡೆ ಮೊಬೈಲ್ ಗಡಿಯಾರದಲ್ಲಿ ಅಳೆಯಿರಿ. ಶಾಲೆ ಬೋರು ನಿಮಿಷಕ್ಕೆ 60 ಲೀಟರ್, ಹುಣಸೆಮರದ್ದು 90 ಲೀಟರ್ ಕೊಟ್ಟರೆ, 10,000 ಲೀಟರ್ ಟ್ಯಾಂಕಿಗೆ ಶಾಲೆ ಬೋರು 2 ಗಂಟೆ 13 ನಿಮಿಷ, ಹುಣಸೆಮರದ್ದು 22 ನಿಮಿಷ ಮಾತ್ರ. ಈ ಎರಡು ಸಾಲನ್ನು ಸ್ಟಾರ್ಟರ್ ಡಬ್ಬಿಯ ಮುಚ್ಚಳದ ಒಳಮೈಗೆ ಬಣ್ಣದಲ್ಲಿ ಬರೆಸಿ, ಕಾಗದವಾದರೆ ತಿಂಗಳೂ ಉಳಿಯುವುದಿಲ್ಲ.

ಇದು ಕೆಡುವುದು ಎರಡು ಕಾರಣಕ್ಕೆ. ತ್ರೀ ಫೇಸ್ ಕರೆಂಟು ಎರಡೇ ಗಂಟೆ ಇದ್ದರೆ ಹೆಚ್ಚು ನೀರು ಬರುವ ಬೋರನ್ನೇ ಹಾಕಬೇಕಾಗುತ್ತದೆ, ಹೆಚ್ಚು ಬರುವುದು ಹುಣಸೆಮರದ್ದು. ಇನ್ನು ಮಾರ್ಚ್ ಹೊತ್ತಿಗೆ ಶಾಲೆ ಬೋರು ಸೋತು ನಿಮಿಷಕ್ಕೆ 30ಕ್ಕೆ ಇಳಿದರೆ, ಅದೇ ಗಂಟೆಗಳಲ್ಲಿ ಮಿಶ್ರಣ ಸುಮಾರು 1.2ಕ್ಕೆ ಏರುತ್ತದೆ. ಆದ್ದರಿಂದ ಬಕೆಟ್ ಅಳತೆಯನ್ನು ಜನವರಿಯಿಂದ ಮೇವರೆಗೆ ತಿಂಗಳಿಗೊಮ್ಮೆ ಮಾಡಿ ಗಂಟೆ ತಿದ್ದಬೇಕು. ಇದು ವಿದ್ಯಾರ್ಥಿಗಳಿಗೆ ಹೇಳಿಮಾಡಿಸಿದ ಕೆಲಸ. ಎನ್ನೆಸ್ಸೆಸ್‌ನ ಏಳು ದಿನದ ಶಿಬಿರವನ್ನು ಆ ಊರಲ್ಲೇ ಇಟ್ಟುಕೊಂಡರೆ ಎರಡು ದಿನದಲ್ಲಿ 12 ಹಳ್ಳಿಯ ಅಳತೆಯೂ ಬರಹವೂ ಮುಗಿಯುತ್ತದೆ. ನಿಮ್ಮ ಕಾಲೇಜು ಉನ್ನತ ಭಾರತ ಅಭಿಯಾನದಲ್ಲಿದ್ದರೆ ದತ್ತು ತೆಗೆದುಕೊಂಡ ಐದು ಹಳ್ಳಿಗಳಿಂದಲೇ ಶುರು ಮಾಡಿ, ಓಡಾಟದ ಅನುಮತಿಗೆ ಬೇರೆ ಪತ್ರ ಹಿಡಿದು ತಿರುಗುವುದು ತಪ್ಪುತ್ತದೆ.

ಒಳ್ಳೆಯ ಬೋರೇ ಇಲ್ಲದ ಊರಿಗೆ ಮಳೆನೀರು. ವರ್ಷಕ್ಕೆ 500 ಮಿ.ಮೀ. ಮಳೆ ಬೀಳುವ ಕಡೆಯೂ 50 ಚದರ ಮೀಟರ್ ತಾರಸಿಯಿಂದ, ಐದರಲ್ಲೊಂದು ಪಾಲು ಪೋಲಾದರೂ, 20,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ 9,125. ನೀರು ಸಾಕಷ್ಟಾಯಿತು, ಸಾಲದ್ದು ತೊಟ್ಟಿ: ಡಿಸೆಂಬರಿನಿಂದ ಮೇವರೆಗಿನ ಆರು ತಿಂಗಳಿಗೆ 4,500 ಲೀಟರ್ ಹಿಡಿಯಬೇಕು. ಮನೆಮನೆಗೆ ಕಷ್ಟವಾದರೆ ಶಾಲೆ, ಅಂಗನವಾಡಿ ತಾರಸಿಗಳಿಂದ ಆರಂಭಿಸಿ. ಮೊದಲ ಮಳೆಯ ನೀರನ್ನು ಹೊರಗೆ ಬಿಡುವ ಪೈಪು ಇರಲೇಬೇಕು, ತೊಟ್ಟಿಗೆ ಬೆಳಕು ಬೀಳಬಾರದು.

ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡ್ ಕಳೆಯುವ ನಲಗೊಂಡ ವಿಧಾನವನ್ನು ಮನೆಗಳಿಗೆ ಹೇಳುವ ಮುಂಚೆ ಯೋಚಿಸಿ. ನಾಗಪುರದ ‘ನೀರಿ’ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ್ದು, ರಸಾಯನಶಾಸ್ತ್ರ ಸರಿಯಿದೆ. ಆದರೆ ಪಟಿಕದ ಪ್ರಮಾಣ ನೀರಿನ ಫ್ಲೋರೈಡ್ ಮತ್ತು ಕ್ಷಾರೀಯತೆ ಎರಡನ್ನೂ ಅವಲಂಬಿಸುತ್ತದೆ, ಬೋರು ಬದಲಾದರೆ ಪ್ರಮಾಣವೂ ಬದಲು. ಕೈಯಳತೆಯಲ್ಲಿ ಹಾಕಿದರೆ ಅಲ್ಯೂಮಿನಿಯಂ 0.2 ಮಿ.ಗ್ರಾಂ ಮಿತಿ ದಾಟಿ ನೀರಿನಲ್ಲಿ ಉಳಿಯುತ್ತದೆ. ಯಾರಾದರೂ ದಿನವೂ ಅಳೆದು ನಡೆಸುವ ಊರಮಟ್ಟದ ತೊಟ್ಟಿಯಾದರೆ ಸರಿ.

ಜಲರಸಾಯನ

ಗೇಟ್‌ವಾಲ್ವ್ ಅವರ ಲೆಕ್ಕಕ್ಕೆ ಒಂದು ಸೇರ್ಪಡೆ. ಶುದ್ಧ ನೀರಿನ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡೂ ಲವಣವೂ ಗಟ್ಟಿಯಾಗಿರುತ್ತವೆ. ಅದನ್ನು ಅದೇ ಬೋರಿನ ಬುಡದಲ್ಲಿ ಇಂಗಲು ಬಿಟ್ಟರೆ ತಿರುಗಿ ಅದೇ ನೀರಿಗೆ ಸೇರುತ್ತದೆ. ಪೈಪು ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಚೀಟಿಯ ಹಿಂಬದಿಯಲ್ಲಿ ಬರೆಯಿರಿ. ಘಟಕದ ಹೊರಬರುವ ನೀರನ್ನೂ ಅಳೆಯಿರಿ, ಸೋಸುವ ಪೊರೆ (ಮೆಂಬ್ರೇನ್) ಹಳತಾದ ಘಟಕದಲ್ಲಿ ನೀರಿನ ರುಚಿಯಿಂದ ಏನೂ ಗೊತ್ತಾಗುವುದಿಲ್ಲ.

ಎರಡನೇಓದು

ಇಲ್ಲಿ ಬಾಂಗ್ಲಾದೇಶದ ಅನುಭವ ಪಾಠವಾಗುತ್ತದೆ. ಅಲ್ಲಿ ವಿಷ ಆರ್ಸೆನಿಕ್, ಆದರೆ ಪ್ರಶ್ನೆ ಇದೇ. ಢಾಕಾ ಬಳಿಯ ಅರೈಹಜಾರಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸ್ಥಳೀಯ ಸಂಶೋಧಕರೊಂದಿಗೆ 2000ದಿಂದ ಸಾವಿರಾರು ಕೊಳವೆ ಬಾವಿಗಳನ್ನು ಅಳೆದು, ಮಿತಿ ಮೀರಿದೆಯೋ ಇಲ್ಲವೋ ಎಂದು ಮನೆಯವರಿಗೇ ಹೇಳಿತು. ತಮ್ಮ ಬಾವಿ ಕೆಟ್ಟದ್ದೆಂದು ತಿಳಿದವರಲ್ಲಿ ಹತ್ತರಲ್ಲಿ ಆರು ಮನೆಯಷ್ಟು ಜನ ಬೇರೆ ಬಾವಿಗೆ ಹೋದರು. ಹೋಗದವರಲ್ಲಿ ಬಹಳ ಮಂದಿಗೆ ಒಳ್ಳೆಯ ಬಾವಿ ನಡೆದು ಹೋಗುವಷ್ಟು ಹತ್ತಿರ ಇರಲಿಲ್ಲ. ಆದ್ದರಿಂದ ನಿಮ್ಮ ಚೀಟಿಯಲ್ಲಿ “ಹತ್ತಿರ ಕಡಿಮೆ ಇರುವ ನೀರು” ಎಂಬ ಸಾಲಿಗೆ ಬೋರಿನ ಹೆಸರಿನ ಜತೆ ಎಷ್ಟು ಹೆಜ್ಜೆ ಎಂದೂ ಬರೆಯಿರಿ. ಆ ದೇಶದಲ್ಲಿ ಕೆಂಪು–ಹಸಿರು ಬಣ್ಣ ಬಳಿದ ಲಕ್ಷಾಂತರ ಬಾವಿಗಳ ಬಣ್ಣ ಕೆಲವೇ ವರ್ಷಗಳಲ್ಲಿ ಮಾಸಿತು, ಆಮೇಲೆ ಕೊರೆದ ಹೊಸ ಬಾವಿಗಳಲ್ಲಿ ಹೆಚ್ಚಿನವನ್ನು ಬಹುಕಾಲ ಅಳೆಯಲೇ ಇಲ್ಲ. ನಮ್ಮಲ್ಲಿ ಬೋರು ಕೊರೆಯುವ ವೇಗ ನೋಡಿದರೆ, ಹೊಸ ಬೋರು ಬಿದ್ದ ತಿಂಗಳೊಳಗೆ ಒಂದು ಬಾಟಲಿ ನೀರು ಕಾಲೇಜಿಗೆ ಬರುವಂತೆ ಪಂಚಾಯಿತಿ ಜತೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದು.

ಮಕ್ಕಳ ಹಲ್ಲಿನ ಸಮೀಕ್ಷೆಯನ್ನೂ ಮಾಡಿದ್ದರೆ ಅದನ್ನು ಸಭೆಯಲ್ಲಿ ಇಡಬೇಡಿ, ಫೋಟೊ ಅಂತೂ ಬೇಡವೇ ಬೇಡ. ಊರಿನ ಮೇಲೆ “ಫ್ಲೋರೈಡ್ ಊರು” ಎಂಬ ಹೆಸರು ಕೂತರೆ ಹೆಣ್ಣು ಕೊಡುವ, ತರುವ ಮಾತಿನಲ್ಲಿ ಅದು ಅಡ್ಡ ಬರುತ್ತದೆ. ಮಗುವಿನ ವಿಷಯ ತಾಯಿತಂದೆಗೆ ಮಾತ್ರ ಹೇಳಿ, ಚೀಟಿ ಅವರ ಕೈಗೆ ಕೊಡಿ. ಕೀಲುನೋವು ಹೇಳುವ ದೊಡ್ಡವರನ್ನು ಆಶಾ ಕಾರ್ಯಕರ್ತೆಯ ಮೂಲಕ ಜಿಲ್ಲೆಯ ಫ್ಲೋರೋಸಿಸ್ (ಫ್ಲೋರೈಡಿನಿಂದ ಬರುವ ಕಾಯಿಲೆ) ನಿಯಂತ್ರಣ ಕಾರ್ಯಕ್ರಮದವರಿಗೆ ಕಳುಹಿಸಿ, ರೋಗ ಇದೇ ಎಂದು ನೀವು ಹೇಳಬೇಡಿ.

ಕಪ್ಪುಹಲಗೆ

ತುಂಬ ಸಹಾಯವಾಯಿತು. ಕೊನೆಯ ಒಂದು ಪ್ರಶ್ನೆ. ತೋಟದ ಬೋರುಗಳ ಮಾಲೀಕರಲ್ಲಿ ಇಬ್ಬರು, ತಮ್ಮ ಬೋರಿನ ಅಂಕಿ ಹೊರಗೆ ಹೇಳಬೇಡಿ ಎನ್ನುತ್ತಾರೆ. ಒಬ್ಬರ ಬೋರು 2.9. ಬೇಸಿಗೆಯಲ್ಲಿ ಅಕ್ಕಪಕ್ಕದ ಮನೆಯವರು ಅಲ್ಲಿಂದ ಕೊಡ ತುಂಬಿಕೊಳ್ಳುತ್ತಾರೆ.

ಹುಣಸೆಮರ

ಖಾಸಗಿ ಬೋರಿನ ಚೀಟಿ ಮಾಲೀಕರ ಕೈಗೆ ಮಾತ್ರ. ಸಭೆಯ ಪಟ್ಟಿಯಲ್ಲಿ ಅದು ಬೇಡ. ಪ್ರಬಂಧದ ನಕ್ಷೆಯಲ್ಲಿ ಅಕ್ಷಾಂಶ ರೇಖಾಂಶಗಳನ್ನು ಎರಡು ದಶಮಾಂಶಕ್ಕೆ ಇಳಿಸಿ, ಸುಮಾರು ಒಂದು ಕಿಲೋಮೀಟರ್ ಆಚೀಚೆಯಾಗಿ ಬೋರು ಯಾರದೆಂದು ತಿಳಿಯುವುದಿಲ್ಲ.

2.9ರ ಬೋರಿನ ವಿಷಯ ಬೇರೆ, ಅದನ್ನು ಇತರರೂ ಕುಡಿಯುತ್ತಿದ್ದಾರೆ. ಆ ರೈತರ ಮನೆಗೇ ಹೋಗಿ, ಒಬ್ಬರೇ ಇರುವಾಗ ಮಾತಾಡಿ. ಅವರ ಭಯ ಹೆಚ್ಚಾಗಿ ಎರಡೇ: ಬೆಳೆಗೆ ಹೆಸರು ಕೆಡುತ್ತದೆ, ಇಲ್ಲವೇ ಬೋರು ಮುಚ್ಚಿಸುತ್ತಾರೆ. ಹೊಲಕ್ಕೆ ಹರಿಸಲು ಯಾರೂ ತಡೆಯುವುದಿಲ್ಲ, ಕುಡಿಯಲು ಬೇಡ ಎಂಬುದಷ್ಟೇ ಮಾತು ಎಂದು ತಿಳಿಸಿ. ಕೊಡ ತುಂಬಲು ಬರುವವರಿಗೆ ಅವರೇ ಹೇಳಲಿ: “ಬಟ್ಟೆಗೆ ತಗೊಂಡು ಹೋಗಿ, ಕುಡಿಯೋಕೆ ಬೇಡ.” ಅವರು ಹೇಳಿದರೆ ಅಕ್ಕಪಕ್ಕದವರು ಕೇಳುತ್ತಾರೆ. ಅವರು ಒಪ್ಪದಿದ್ದರೆ ಬೋರಿನ ಹೆಸರು ಎತ್ತದೆ, ಆ ಬೀದಿಯ ಮನೆಗಳಿಗೆ ಹೋಗಿ “ತೋಟದ ಬೋರಿನ ನೀರನ್ನು ಅಳೆಯಿಸದೆ ಕುಡಿಯಬೇಡಿ, ಬಾಟಲಿ ತಂದುಕೊಟ್ಟರೆ ನಾವು ಅಳೆದುಕೊಡುತ್ತೇವೆ” ಎಂದು ಹೇಳಿ. ಬಾಟಲಿಯನ್ನು ನೀವೇ ಕೊಟ್ಟು ಬನ್ನಿ, ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು, ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಲು ತೋರಿಸಿಕೊಡಿ.